ನೀಲಿ ವಾಶ್ ಮೇಲೆ ಚುಕ್ಕೆ ಏಳುತ್ತಿದೆ, ಹಾಡು ಕೇಳಿ ಚಿತ್ರ ಮಾಡುವವರು ದಯವಿಟ್ಟು ನೋಡಿ

ಮುಗಿಲುಪೇಟೆ (ಮಡಿಕೇರಿ)
ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ. ಇಷ್ಟದ ಹಾಡುಗಳನ್ನು ಕೇಳುತ್ತಾ ಒಂದೊಂದಕ್ಕೆ ಒಂದೊಂದು ಜಲವರ್ಣ ಚಿತ್ರ ಮಾಡುವ ಸರಣಿ ಶುರು ಮಾಡಿದ್ದೇನೆ. ಈಗ ಕೈಗೆತ್ತಿಕೊಂಡಿರುವುದು ಮಳೆಯ ಒಂದು ಭಾವಗೀತೆ. ಹೆಸರು ಹೇಳಲ್ಲ, ಹೇಳಿದರೆ ಯಾರು ಹಾಡಿದ್ದು ಚೆನ್ನಾಗಿದೆ ಅಂತ ಇಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಶುರುವಿನಲ್ಲಿ ಕೊಳಲು ಬರುತ್ತದಲ್ಲ, ಅಷ್ಟರಲ್ಲಿ ಹಾಳೆ ತುಂಬ ಒಂದೇ ನೀಲಿ ವಾಶ್, ಅಂದರೆ ನೀರಾಗಿ ಕಲಸಿದ ಬಣ್ಣದ ಲೇಪ, ಎಳೆಯಬೇಕು. ಮೇಲೆ ಗಾಢ, ಇಳಿಯುತ್ತಾ ತೆಳು. ಪಲ್ಲವಿ ಎತ್ತಿಕೊಳ್ಳುವ ಹೊತ್ತಿಗೆ ಕೈ ತೆಗೆದುಬಿಡಬೇಕು.

ಆಗುತ್ತಿಲ್ಲ. ಎಳೆದ ಕೂಡಲೇ ದಡಾರ ಎದ್ದ ಮಗುವಿನ ಮುಖದ ಹಾಗೆ ಹಾಳೆ ತುಂಬ ಚುಕ್ಕೆ. ಬಣ್ಣ ಒಳ್ಳೆಯದೇ, ಪೇಪರ್ ಒಳ್ಳೆಯದೇ, ಬ್ರಷ್ ಹೊಸದು. ಏನು ಮಾಡಲಿ? ಸಂಜೆಯಿಂದ ಕರೆಂಟ್ ಇಲ್ಲ, ನೆಟ್‌ವರ್ಕ್ ಕೂಡ ಒಂದೇ ಕಡ್ಡಿ, ಫೋಟೋ ಆಮೇಲೆ ಹಾಕುತ್ತೇನೆ.

ಕುಂಚಕಾಫಿ (ಗೋಣಿಕೊಪ್ಪ)
ಇದು ಕಕ್ಕಡ ತಿಂಗಳ, ಈ ಜಡಿಮಳೆ ಕಾಲದ, ಮಾಮೂಲಿ ಕಾಯಿಲೆ. ಗಾಳಿಯಲ್ಲೇ ನೀರು ತುಂಬಿರುವಾಗ ವಾಶ್ ಒಣಗುವುದಿಲ್ಲ. ಅರ್ಧ ಒಣಗಿದ ಕಡೆ ನೀವು ಮತ್ತೆ ಒದ್ದೆ ಬ್ರಷ್ ಇಡುತ್ತೀರಿ, ಆ ನೀರು ಬಣ್ಣವನ್ನು ತಳ್ಳಿಕೊಂಡು ಹೋಗುತ್ತದೆ, ಬ್ಲೂಮ್ ಅನ್ನುವ ಹೂವಿನಂಥ ಕಲೆ ಏಳುತ್ತದೆ. ಹೇರ್ ಡ್ರೈಯರ್ ಹಿಡಿಯಿರಿ. ಮುಗಿಯಿತು.

ಮುಗಿಲುಪೇಟೆ
ಅಣ್ಣಾ, ಒಮ್ಮೆ ಎಳೆದ ಮೇಲೆ ನಾನು ಮುಟ್ಟುವುದೇ ಇಲ್ಲ. ಡ್ರೈಯರ್ ಕೂಡ ಹಿಡಿದು ನೋಡಿದೆ. ಚುಕ್ಕೆ ಬರುವುದು ಒಣಗುವಾಗ ಅಲ್ಲ, ಬ್ರಷ್ ದಾಟಿದ ತಕ್ಷಣ.

ಕುಂಚಕಾಫಿ
ಡ್ರೈಯರ್ ಎಷ್ಟು ದೂರ ಹಿಡಿದಿರಿ? ಹತ್ತಿರ ಹಿಡಿದರೆ ಗಾಳಿಯೇ ನೀರನ್ನು ಅತ್ತಿತ್ತ ಓಡಿಸುತ್ತದೆ. ಮೊಳ ದೂರ ಇರಲಿ, ತಣ್ಣನೆ ಗಾಳಿ ಸಾಕು.

ನಾಪೋಕ್ಲು ನೀಲಿ
ಯಾವ ನೀಲಿ ಅಂತ ಯಾರೂ ಕೇಳಲೇ ಇಲ್ಲ ಅಲ್ವಾ? ಅಲ್ಟ್ರಾಮರೀನ್ ಆದರೆ ಅದರ ಗುಣವೇ ಅದು. ಕಣ ದಪ್ಪ, ಪೇಪರಿನ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಜನ ದುಡ್ಡು ಕೊಟ್ಟು ಆ ಗುಣ ಬೇಕು ಅಂತ ತೆಗೆದುಕೊಳ್ಳುತ್ತಾರೆ. ಮಳೆ ಹಾಡಿಗೆ ಅದು ಇನ್ನೂ ಒಳ್ಳೆಯದು, ಬಿಟ್ಟುಬಿಡಿ.

ಮುಗಿಲುಪೇಟೆ
ಥಾಲೋ ಬ್ಲೂ. ಅದು ಹಾಗೆ ಕೂರುವ ಬಣ್ಣ ಅಲ್ಲ.

ನಾಪೋಕ್ಲು ನೀಲಿ
ಹಾಗಾದರೆ ನೀರು. ಬೋರ್‌ವೆಲ್ ನೀರಾ? ಸುಣ್ಣದ ಅಂಶ ಇದ್ದರೆ ಬಣ್ಣ ಒಡೆಯುತ್ತದೆ.

ಮುಗಿಲುಪೇಟೆ
ಬಾವಿ ನೀರು. ಅದೇ ನೀರಲ್ಲಿ ಸ್ಕೆಚ್ ಪುಸ್ತಕದಲ್ಲಿ ಮಾಡಿದರೆ ಏನೂ ಆಗುವುದಿಲ್ಲ.

ಕುಂಚಕಾಫಿ
ಸ್ಕೆಚ್ ಪುಸ್ತಕ ಚಿಕ್ಕದು, ಬೇಗ ಒಣಗುತ್ತದೆ. ನಾನು ಹೇಳಿದ್ದು ಅದನ್ನೇ. ತೇವ, ತೇವ, ತೇವ. ಕೋಣೆಯಲ್ಲಿ ತೇವ ಎಷ್ಟು ಅಂತ ಅಳತೆ ಮಾಡಿ. ನಮ್ಮ ಗೋಡೌನಿನಲ್ಲಿ ಕಾಫಿ ಬೀಜದ ತೇವ ನೋಡುವ ಮೀಟರ್ ಇದೆ, ಬೇಕಾದರೆ ಕೊಡುತ್ತೇನೆ.

ಹಳೇ ರೇಡಿಯೋ (ಸಿದ್ದಾಪುರ)
ಬೀಜದ ಮೀಟರ್ ಇಟ್ಟುಕೊಂಡು ಕೋಣೆಯ ಗಾಳಿ ಅಳೆಯುತ್ತೀರಾ ಮಾರಾಯರೇ? ಅದಕ್ಕೆ ಹೈಗ್ರೋಮೀಟರ್ ಬೇಕು. ನಮ್ಮ ಬಂಗಲೆಯಲ್ಲಿ ಎರಡಿವೆ. ಒಂದು ರೆಕಾರ್ಡ್ ಕಪಾಟಿನಲ್ಲಿ, ಇನ್ನೊಂದು ಕ್ಯಾಮೆರಾ ಲೆನ್ಸ್ ಇಡುವ ಡ್ರೈ ಕ್ಯಾಬಿನೆಟ್‌ನಲ್ಲಿ. ಅದನ್ನು ವರ್ಷವಿಡೀ ಶೇ. 45 ತೇವಕ್ಕೆ ನಿಲ್ಲಿಸಿದ್ದೇನೆ. ಹೊರಗಿಟ್ಟ ಲೆನ್ಸಿಗೆ ಒಂದು ಮಳೆಗಾಲದಲ್ಲಿ ಫಂಗಸ್ ಹಿಡಿಯುತ್ತದೆ.

ಅದಿರಲಿ, ಹಾಡು ಯಾವುದರಲ್ಲಿ ಕೇಳುತ್ತೀರಿ? ಫೋನಿನ ಸ್ಪೀಕರಿನಲ್ಲಿ ಕೇಳಿ ಚಿತ್ರ ಮಾಡಿದರೆ ಕೊಳಲಿನ ಉಸಿರೇ ಕೇಳಿಸುವುದಿಲ್ಲ, ಚಿತ್ರದಲ್ಲಿ ಎಲ್ಲಿಂದ ಬರಬೇಕು? ನನ್ನದು ಬೆಲ್ಟ್ ಟರ್ನ್‌ಟೇಬಲ್, ವಾಲ್ವ್ ಆಂಪ್ಲಿಫೈಯರ್. ವಾಲ್ವ್ ಬಿಸಿಗೆ ಕೋಣೆಯ ಥಂಡಿಯೂ ಹೋಗುತ್ತದೆ, ಒಂದೇ ಕಲ್ಲಿಗೆ ಎರಡು ಹಕ್ಕಿ.

ಮುಗಿಲುಪೇಟೆ
ರೇಡಿಯೋದಲ್ಲಿ ಕೇಳಿ ಇಷ್ಟವಾದ ಹಾಡು ಸರ್, ಮಡಿಕೇರಿ ಆಕಾಶವಾಣಿಯಲ್ಲಿ. ಈಗ ಇಯರ್‌ಫೋನ್. ಅದಕ್ಕೂ ಚುಕ್ಕೆಗೂ ಏನು ಸಂಬಂಧ?

ಮಂದ್‌ದುಡಿ (ಪೊನ್ನಂಪೇಟೆ)
ಚುಕ್ಕೆ ವಿಷಯ ನನಗೆ ಗೊತ್ತಿಲ್ಲ ಅಕ್ಕ, ಆದರೆ ನೀವು ಮಾಡುತ್ತಿರುವುದೇ ನನಗೆ ಸರಿ ಕಾಣುತ್ತಿಲ್ಲ. ಮಳೆ ಹಾಡು ಅಂದ ಕೂಡಲೇ ನೀಲಿ. ಅದು ಹಾಡಿನ ಮಾತಿಗೆ ಚಿತ್ರ, ಹಾಡಿಗೆ ಅಲ್ಲ. ಮಾತು ಹಿಡಿದು ಹೊರಟರೆ ಕೊನೆಗೆ ಕ್ಯಾಲೆಂಡರ್ ಚಿತ್ರ ಆಗುತ್ತದೆ, ಚಂದ್ರ ಅಂದರೆ ಚಂದ್ರ, ನವಿಲು ಅಂದರೆ ನವಿಲು.

ನಾನು ನಮ್ಮ ಕೊಡವರು ಪುತ್ತರಿ ಸುಗ್ಗಿ ಹಬ್ಬಕ್ಕೆ, ಮದುವೆಗೆ ಹಾಡುವ ಬಾಳೋ ಪಾಟಿಗೆ ಮಾಡಿದ್ದೇನೆ. ನಾಲ್ಕು ಜನ ದುಡಿ ಬಡಿಯುತ್ತಾ ಹಾಡುತ್ತಾರೆ, ಒಂದೇ ಮಟ್ಟು ಸಾಲಿಂದ ಸಾಲಿಗೆ ತಿರುಗಿ ಬರುತ್ತದೆ, ಕಥೆ ಮಾತ್ರ ಮುಂದೆ ಹೋಗುತ್ತದೆ. ನಾನು ಗದ್ದೆ ಬರೆಯಲಿಲ್ಲ, ಕದಿರು ಬರೆಯಲಿಲ್ಲ. ಕಾವಿ ಬಣ್ಣದಲ್ಲಿ ಅಡ್ಡ ಪಟ್ಟಿ, ಅದರ ಕೆಳಗೆ ಮತ್ತೆ ಅದೇ ಪಟ್ಟಿ. ಒಂದು ಸಲ ಬಣ್ಣದಲ್ಲಿ ಅದ್ದಿದ ಬ್ರಷ್ ಖಾಲಿಯಾಗುವವರೆಗೆ ಎಳೆಯುವುದು, ಮಧ್ಯೆ ಅದ್ದುವ ಹಾಗಿಲ್ಲ. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬಿಳಿ ಬಿಡುವುದು. ದೂರದಿಂದ ನೋಡಿದವರು ಇದು ಹಾಡೇ ಅಂದರು.

ನಾಪೋಕ್ಲು ನೀಲಿ
ಯಾರು ಅಂದಿದ್ದು, ನಿಮ್ಮ ಅಮ್ಮನಾ?

ಸುಮ್ನೆ ಹೇಳಿದೆ. ಆದರೆ ಮಾತಿಗೆ ಚಿತ್ರ ಬರೆಯುವುದು ಕೀಳು ಅಂತ ಯಾಕೆ? ಒಂದೊಂದು ರಾಗಕ್ಕೆ ಒಂದೊಂದರಂತೆ ಬರೆದ ರಾಗಮಾಲೆ ಚಿತ್ರಗಳನ್ನು ನೋಡಿ. ರಾಜಸ್ಥಾನದವರು, ಪಹಾಡಿಯವರು, ನಮ್ಮ ದಖ್ಖನಿನವರು, 16ನೇ ಶತಮಾನದಿಂದ 19ರವರೆಗೆ ಎಲ್ಲರೂ ಬರೆದರು. ತೋಡಿ ಅಂದರೆ ವೀಣೆ ಹಿಡಿದ ಹೆಂಗಸು, ಸುತ್ತ ಜಿಂಕೆ. ಮೇಘ ಅಂದರೆ ಕಪ್ಪು ಮೋಡ, ಕುಣಿತ. ಅವೆಲ್ಲ ಕ್ಯಾಲೆಂಡರಾ?

ಮಂದ್‌ದುಡಿ
ಅವು ರಾಗಕ್ಕೆ ಬರೆದದ್ದು, ಸಾಹಿತ್ಯಕ್ಕಲ್ಲ. ನನ್ನ ಮಾತನ್ನೇ ನೀವು ಹೇಳುತ್ತಿದ್ದೀರಿ.

ನಾಪೋಕ್ಲು ನೀಲಿ
ಎಷ್ಟೋ ಚಿತ್ರಗಳ ನೆತ್ತಿಯ ಮೇಲೆ ಪದ್ಯ ಬರೆದಿದೆ, ರಾಗದ ರೂಪ ಹೇಳುವ ಪದ್ಯ. ಚಿತ್ರಗಾರ ಅದನ್ನು ಓದಿಯೇ ಬರೆದದ್ದು. ಅಂದರೆ ಮಾತೇ.

ಹಳೇ ರೇಡಿಯೋ
ಇಬ್ಬರದ್ದೂ ಸಾಕು. ಚಿತ್ರಕಾರ ಕಾಂಡಿನ್‌ಸ್ಕಿ 1911ರಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ರಚನೆಕಾರ ಷೋನ್‌ಬರ್ಗ್ ಕಛೇರಿ ಕೇಳಿ ಬಂದು ಚಿತ್ರ ಬರೆದ. ಪಿಯಾನೋ ಜಾಗದಲ್ಲಿ ಒಂದು ಕಪ್ಪು ಆಕಾರ, ಉಳಿದದ್ದರಲ್ಲಿ ಹಳದಿ ನುಗ್ಗಿಬಿಟ್ಟಿದೆ. ನೋಡಿದ್ದೂ ಇದೆ, ಕೇಳಿದ್ದೂ ಇದೆ. ಎದುರಿಗೆ ಕೂತು ಕೇಳಿದ್ದಕ್ಕೆ ಹಾಗೆ ಬಂತು. ಅದಕ್ಕೇ ಹೇಳುವುದು, ಇಯರ್‌ಫೋನ್ ಬಿಸಾಕಿ.

ಮುಗಿಲುಪೇಟೆ
ನನ್ನ ಚುಕ್ಕೆ!!

ಡ್ರಾಯಿಂಗ್ ಮೇಷ್ಟ್ರು (ಸೋಮವಾರಪೇಟೆ)
ತಡವಾಗಿ ನೋಡಿದೆ. ಮೂರು ಪ್ರಶ್ನೆ. ಪೇಪರ್ ಒಳ್ಳೆಯದು ಅಂದರೆ ಯಾವುದು? ಯಾವಾಗ ತಂದದ್ದು? ಎಲ್ಲಿಟ್ಟಿದ್ದೀರಿ? ಇನ್ನೊಂದು, ಚುಕ್ಕೆ ಸುತ್ತಲಿನ ಬಣ್ಣಕ್ಕಿಂತ ಗಾಢವಾ, ತೆಳುವಾ?

ಮುಗಿಲುಪೇಟೆ
ಮೇಷ್ಟ್ರೇ, ಗಾಢ. ಸೂಜಿ ಮೊನೆಯಿಂದ ಸಾಸಿವೆ ಕಾಳಿನವರೆಗೆ ಎಲ್ಲ ಅಳತೆ. ಒಂದು ಮೂಲೆಯಲ್ಲಿ ಜಾಸ್ತಿ. ಪೇಪರ್ 300 ಜಿಎಸ್‌ಎಂ ತೂಕದ್ದು, ಪೂರ್ತಿ ಕಾಟನ್, ದುಬಾರಿಯದು. ಅಕ್ಕನ ಮಗ ಬೆಂಗಳೂರಿನಿಂದ ಕಟ್ಟುಗಟ್ಟಲೆ ತಂದುಕೊಟ್ಟದ್ದು, ಹೋದ ವರ್ಷವೋ ಅದಕ್ಕೂ ಮುಂಚೆಯೋ. ಅಟ್ಟದ ಮೇಲೆ ಟ್ರಂಕಿನಲ್ಲಿದೆ, ನುಸಿ ಗುಳಿಗೆ ಹಾಕಿ ಜೋಪಾನವಾಗಿಟ್ಟಿದ್ದೇನೆ.

ಡ್ರಾಯಿಂಗ್ ಮೇಷ್ಟ್ರು
ಅಲ್ಲಿಗೆ ಗೊತ್ತಾಯಿತು. ಪೇಪರಿನ ಸೈಜಿಂಗ್ ಸತ್ತಿದೆ.

ಜಲವರ್ಣದ ಕಾಗದ ಬರೀ ಹತ್ತಿ ಅಲ್ಲ. ಬಣ್ಣ ಕೂಡಲೇ ಒಳಗೆ ಇಳಿಯದಿರಲಿ ಅಂತ ಅದಕ್ಕೆ ಜೆಲಟಿನ್ನೋ ಬೇರೆ ರಾಸಾಯನಿಕವೋ ಊಡಿರುತ್ತಾರೆ. ಅದೇ ಸೈಜಿಂಗ್. ಅದು ಇರುವುದರಿಂದಲೇ ವಾಶ್ ಮೇಲ್ಮೈಯಲ್ಲಿ ನಿಂತು ನಿಧಾನಕ್ಕೆ ಜಾರುತ್ತದೆ. ಥಂಡಿ ಗೋಡೆ ಪಕ್ಕ ಮಳೆಗಾಲ ಕಳೆದರೆ ಅಲ್ಲಲ್ಲಿ ಅದು ಹಾಳಾಗುತ್ತದೆ, ಬೂಷ್ಟು ಹಿಡಿದರೆ ಇನ್ನೂ ಬೇಗ. ಆ ಜಾಗ ಒತ್ತುಕಾಗದ ಆಗಿಬಿಡುತ್ತದೆ, ಬಣ್ಣವನ್ನು ಕುಡಿಯುತ್ತದೆ, ಗಾಢವಾಗಿ ಕಾಣುತ್ತದೆ. ಬ್ಲೂಮ್ ಹಾಗಿರುವುದಿಲ್ಲ. ಅದರ ಒಳಗೆ ತೆಳು, ಅಂಚು ಗಾಢ ಮತ್ತು ಹಲ್ಲು ಹಲ್ಲು, ಏಳಲು ಹೊತ್ತೂ ಬೇಕು. ನಿಮ್ಮದು ತಕ್ಷಣ ಎದ್ದಿತು ಅಂದಾಗಲೇ ಡ್ರೈಯರ್ ಮಾತು ಬಿಡಬೇಕಿತ್ತು.

ಪರೀಕ್ಷೆ ಸುಲಭ. ಹೊಸ ಹಾಳೆಗೆ ಬರೀ ನೀರು ಬಳಿದು, ಕಿಟಕಿ ಹತ್ತಿರ ಕಣ್ಣಿನ ಮಟ್ಟಕ್ಕೆ ಹಿಡಿದು ಓರೆಯಾಗಿ ನೋಡಿ. ಸರಿ ಇರುವ ಕಡೆ ಹೊಳಪು ನಿಲ್ಲುತ್ತದೆ. ಸತ್ತ ಕಡೆ ನೋಡನೋಡುತ್ತಲೇ ಮಂಕಾಗುತ್ತದೆ.

ಕುಂಚಕಾಫಿ
ಅಂದರೆ ತೇವವೇ ಕಾರಣ. ನಾನು ಮೊದಲ ಉತ್ತರದಲ್ಲೇ ಹೇಳಿದ್ದೆ.

ನಾಪೋಕ್ಲು ನೀಲಿ
ನೀವು ಹೇಳಿದ್ದು ಹೇರ್ ಡ್ರೈಯರ್.

ಮುಗಿಲುಪೇಟೆ
ಬೆಳಿಗ್ಗೆ ನೋಡಿದೆ. ಒದ್ದೆ ಹಾಳೆಯಲ್ಲಿ ಆಕಾಶ ಕಾಣುತ್ತಿತ್ತು, ಅದರ ನಡುವೆ ಪಟಪಟ ಅಂತ ಮಂಕು ಬೊಟ್ಟು. ಗೋಡೆ ಕಡೆ ಇದ್ದ ಮೂಲೆಯಲ್ಲಿ ಹೊಳಪು ನಿಲ್ಲಲೇ ಇಲ್ಲ. ಕಟ್ಟಿನ ನಡುವಿನ ಹಾಳೆಗಳು ಸ್ವಲ್ಪ ವಾಸಿ. ಇಷ್ಟನ್ನೂ ಎಸೆಯಬೇಕಾ? ಅದರ ಬೆಲೆ ನೆನೆದರೆ ಹೊಟ್ಟೆ ಉರಿಯುತ್ತದೆ.

ಡ್ರಾಯಿಂಗ್ ಮೇಷ್ಟ್ರು
ಎಸೆಯಬೇಡಿ. ಇದ್ದಿಲು, ಪೇಸ್ಟಲ್, ಆಕ್ರಿಲಿಕ್‌ಗೆ ಏನೂ ತೊಂದರೆ ಇಲ್ಲ. ವಾಶೇ ಬೇಕಾದರೆ ಮತ್ತೆ ಸೈಜ್ ಮಾಡಿ ನೋಡಬಹುದು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಸಿಹಿ, ಬಣ್ಣ ಯಾವುದೂ ಇಲ್ಲದ ಜೆಲಟಿನ್ ಪುಡಿ, ಲೀಟರ್ ನೀರಿಗೆ ಸುಮಾರು 20 ಗ್ರಾಂ. ಮೊದಲು ತಣ್ಣೀರಿನಲ್ಲಿ ನೆನೆಯಲಿ, ಆಮೇಲೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಬೇಡಿ, ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಬೆಚ್ಚಗಿರುವಾಗಲೇ ಅಗಲ ಬ್ರಷ್‌ನಲ್ಲಿ ಎರಡೂ ಕಡೆ ಬಳಿದು ಕ್ಲಿಪ್ ಹಾಕಿ ನೇತುಹಾಕಿ. ಬೂಷ್ಟಿನ ವಾಸನೆ ಬಂದ ಹಾಳೆಗೆ ಮಾತ್ರ ಮಾಡಬೇಡಿ. ಜೆಲಟಿನ್ ಬೂಷ್ಟಿಗೂ ಊಟವೇ.

ಮುಗಿಲುಪೇಟೆ
ನಾವು ಮನೆಯಲ್ಲಿ ಮಾಂಸ ತಿನ್ನುವವರಲ್ಲ ಮೇಷ್ಟ್ರೇ. ಜೆಲಟಿನ್ ಅಂದರೆ ಮೂಳೆ, ಚರ್ಮದ್ದಲ್ವಾ. ಗಂಜಿ ಆಗಲ್ವಾ?

ಮಂದ್‌ದುಡಿ
ಪಂದಿಕರಿ (ಹಂದಿ ಸಾರು) ತಿನ್ನುವ ಊರಲ್ಲಿ ಕೂತು ಜೆಲಟಿನ್‌ಗೆ ಹೆದರುವುದೇ ಅಕ್ಕ? ತಿನ್ನಲು ಯಾರೂ ಹೇಳಲಿಲ್ಲ. ಈಗ ನೀವು ಬಳಸುತ್ತಿರುವ ಪೇಪರಿನಲ್ಲೂ ಅದೇ ಇರಬಹುದು.

ನಾಪೋಕ್ಲು ನೀಲಿ
ಗಂಜಿ ಅಂದಿರಲ್ಲ, ರಾಗಮಾಲೆಯವರು ಬಳಸುತ್ತಿದ್ದದ್ದು ವಸ್ಲಿ ಕಾಗದ. ಹಾಳೆ ಮೇಲೆ ಹಾಳೆ, ನಡುವೆ ಹಿಟ್ಟಿನ ಅಂಟು, ಆಮೇಲೆ ನುಣುಪು ಕಲ್ಲಿನಲ್ಲಿ ಉಜ್ಜುವುದು. ಹುಳ ಬೀಳದಿರಲಿ ಅಂತ ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ನಮ್ಮಲ್ಲಿ ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುತ್ತೇವಲ್ಲ, ಅದೇ. ಎಲ್ಲರ ಸ್ಟೋರಿನಲ್ಲೂ ಒಂದು ಚೀಲ ಇದ್ದೇ ಇರುತ್ತದೆ.

ಡ್ರಾಯಿಂಗ್ ಮೇಷ್ಟ್ರು
ಮೈಲುತುತ್ತ ವಿಷ. ಬ್ರಷ್ ಮೊನೆಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇಲ್ಲಿ ಅರ್ಧ ಜನಕ್ಕಿದೆ, ಆ ದಾರಿ ಬೇಡ. ವಸ್ಲಿಯ ಮೇಲೆ ದೊಡ್ಡ ಒದ್ದೆ ವಾಶ್ ಎಳೆಯುವುದೂ ಇಲ್ಲ, ಅಲ್ಲಿನ ಕೆಲಸವೇ ಬೇರೆ. ಜೆಲಟಿನ್ ಬೇಡ ಅಂದರೆ ವಾಟರ್‌ಕಲರ್ ಗ್ರೌಂಡ್ ಅಂತ ಡಬ್ಬಿಯಲ್ಲಿ ಸಿಗುತ್ತದೆ, ಆಕ್ರಿಲಿಕ್‌ನದು, ಅದನ್ನು ಬಳಿದು ಒಂದು ದಿನ ಪೂರ್ತಿ ಬಿಡಿ. ಬಣ್ಣ ಸ್ವಲ್ಪ ಬೇರೆ ಥರ ಕೂರುತ್ತದೆ, ಸುಲಭವಾಗಿ ಎದ್ದೂ ಬರುತ್ತದೆ.

ಬೆಟ್ಟದಸೂರ್ಯ (ಭಾಗಮಂಡಲ)
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು ಬೇಯಿಸಿದ ನೀರು ಅಷ್ಟು ಚೆಂದ ನೇರಳೆ ಬರುತ್ತದಲ್ಲ, ಅದರಲ್ಲೇ ಹಾಡಿನ ಚಿತ್ರ ಮಾಡಬಹುದಾ?

ಡ್ರಾಯಿಂಗ್ ಮೇಷ್ಟ್ರು
ಮಾಡಿ, ಫೋಟೋ ತೆಗೆದಿಡಿ. ಸೊಪ್ಪಿನ ಬಣ್ಣ ಬೆಳಕಿಗೆ ನಿಲ್ಲುವುದು ಕಷ್ಟ. ಪಾಯಸ ಮಾಡಿ ತಿನ್ನುವುದು ವಾಸಿ.

ಹಳೇ ರೇಡಿಯೋ
ಒಂದು ಮಾತು. ಹಾಳೆಗಳನ್ನು ಡ್ರೈ ಕ್ಯಾಬಿನೆಟ್‌ನಲ್ಲಿ ಇಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ನನ್ನದರಲ್ಲಿ ಕೆಳಗಿನ ತಟ್ಟೆ ಖಾಲಿ ಇದೆ.

ಕುಂಚಕಾಫಿ
ಫುಲ್ ಶೀಟ್ ಹಿಡಿಸುವ ಕ್ಯಾಬಿನೆಟ್ ನಿಮ್ಮ ಬಂಗಲೆಯಲ್ಲಿ ಮಾತ್ರ ಇರಬೇಕು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದು ಮುಗಿದಿದೆ ಅಂತ, ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕುವುದು. ಅಡುಗೆ ಬಾಣಲೆ ಅಲ್ಲ, ಹಳೇದು ಯಾವುದಾದರೂ. ಅಟ್ಟ ಮಾತ್ರ ಬೇಡವೇ ಬೇಡ. ಕೆಳಗೆ ಒಲೆ ಉರಿಯುವ ಕಾಲದ ಅಟ್ಟ ಒಣಗಿರುತ್ತಿತ್ತು. ಈಗ ಗ್ಯಾಸ್ ಬಂದ ಮೇಲೆ ಅದು ಬರೀ ಥಂಡಿ ಜಾಗ.

ಡ್ರಾಯಿಂಗ್ ಮೇಷ್ಟ್ರು
ಇದು ಸರಿಯಾದ ಮಾತು.

ಮುಗಿಲುಪೇಟೆ
ಜೆಲಟಿನ್ನೇ ಮಾಡಿದೆ, ಅತ್ತೆಗೆ ಹೇಳಿಲ್ಲ. ಕಟ್ಟಿನ ನಡುವಿನ ಹಾಳೆಗಳಿಗೆ ಬಳಿದೆ. ಒಣಗಲು ಹಿಡಿದ ಹೊತ್ತು ಕೇಳಬೇಡಿ. ಚುಕ್ಕೆ ಬಹುಮಟ್ಟಿಗೆ ಹೋಯಿತು, ಕೊಳಲು ಮುಗಿಯುವಷ್ಟರಲ್ಲಿ ವಾಶ್ ಕೆಳಗಿನವರೆಗೆ ಬಂತು. ನೀಲಿ ಬಿಟ್ಟಿಲ್ಲ ಮಂದ್‌ದುಡಿ, ಅದು ನನ್ನ ಹಾಡು. ಆದರೆ ಉಸಿರಿನ ಜಾಗದಲ್ಲಿ ಬಿಳಿ ಬಿಡುವುದನ್ನು ನಿಮ್ಮಿಂದ ತೆಗೆದುಕೊಂಡೆ. ಹೊಸ ತೊಂದರೆ ಏನೆಂದರೆ ಜೆಲಟಿನ್ ಬಳಿದ ಬ್ರಷ್ ಗೆರೆಗಳು ವಾಶ್‌ನಲ್ಲಿ ಪಟ್ಟಿ ಪಟ್ಟಿಯಾಗಿ ಕಾಣುತ್ತಿವೆ.

ಡ್ರಾಯಿಂಗ್ ಮೇಷ್ಟ್ರು
ಬಳಿಯಬೇಡಿ, ಅದ್ದಿ. ಅಗಲ ತಟ್ಟೆಯಲ್ಲಿ ಬೆಚ್ಚಗಿನ ಜೆಲಟಿನ್ ಹಾಕಿ ಹಾಳೆಯನ್ನು ಒಂದು ಕಡೆಯಿಂದ ಜಾರಿಸಿ ಎತ್ತಿ.

ಮುಗಿಲುಪೇಟೆ
ಅಷ್ಟು ಅಗಲದ ತಟ್ಟೆ ಎಲ್ಲಿ ಸಿಗುತ್ತದೆ? ಕಾಫಿ ಸಸಿ ಮಾಡುವ ಟ್ರೇ ಇದೆ, ಆದರೆ ತೂತು.

ಮಂದ್‌ದುಡಿ
ಹಳೇ ಸ್ಟುಡಿಯೋದವರನ್ನು ಕೇಳಿ ಅಕ್ಕ, ಫೋಟೋ ತೊಳೆಯುವ ಟ್ರೇ ಕೆಲವರ ಹತ್ತಿರ ಇನ್ನೂ ಇವೆ. ನಮ್ಮ ಕಡೆ ಒಬ್ಬರ ಹತ್ತಿರ ನೋಡಿದ್ದೆ, ಸಂತೆಗೆ ಹೋದಾಗ ವಿಚಾರಿಸುತ್ತೇನೆ.

ಹಳೇ ರೇಡಿಯೋ
ಸ್ಟುಡಿಯೋಗೆ ಹೋಗುತ್ತೀರಾದರೆ ಹಳೇ ಎನ್‌ಲಾರ್ಜರ್ ಲೆನ್ಸ್ ಇದೆಯಾ ಅಂತಲೂ ಕೇಳಿ, ನನಗೆ ಬೇಕು. ಫಂಗಸ್ ಇದ್ದರೆ ಬೇಡ.