ಅಪ್‌ಡೇಟ್: ಆ ತೋಳ-ವ್ಯಾಂಪೈರ್ ಆಡಿಯೋಬುಕ್ ಕಥೆ ಏನಾಯ್ತು ಅಂದ್ರೆ

ತೋಳವಾಗುವ ನಾಯಕ, ವ್ಯಾಂಪೈರ್ ನಾಯಕಿ, 11 ಗಂಟೆಯ ಆಡಿಯೋಬುಕ್. 3 ಗಂಟೆಗೇ ಬೇಜಾರಾಗಿದೆ, ಬಿಡಲಾ ಅಂತ ಹೋದ ವಾರ ಕೇಳಿದ್ದೆ.

ವೇಗ 1.5 ಮಾಡಿ ಅಂದಿರಿ. ಆಗಲಿಲ್ಲ. ನಾಯಕ ಗುರುಗುಟ್ಟುವಲ್ಲೆಲ್ಲ ಓದುವವರೂ ನಿಜವಾಗಿ ಗುರುಗುಟ್ಟುತ್ತಾರೆ. ವೇಗ ಹೆಚ್ಚಿಸಿದರೆ ಥೇಟ್ ಮಿಕ್ಸಿ! ಐದನೇ ಅಧ್ಯಾಯದಿಂದ ಚೆನ್ನಾಗಿದೆ ಅಂದವರನ್ನು ನಂಬಿ, ಪಾತ್ರೆ ತೊಳೆಯುತ್ತಾ ಒಂಬತ್ತರವರೆಗೂ ಹೋದೆ. ಇಬ್ಬರೂ ಇನ್ನೂ ಜಗಳದಲ್ಲೇ ಇದ್ದರು. ಕೊನೆಗೆ ಕೆಲಸಕ್ಕೆ ಬಂದಿದ್ದು 'ಸುಮ್ನೆ ವಾಪಸ್ ಮಾಡಿ' ಅನ್ನುವ ಸಲಹೆ. ಖರೀದಿ ಪಟ್ಟಿಯಲ್ಲೇ ಬಟನ್ ಇತ್ತು, ಪುಸ್ತಕ ಕೊಳ್ಳಲು ಬಳಸಿದ್ದ ಕ್ರೆಡಿಟ್ ಮರಳಿ ಬಂತು.

ಈ ನಡುವೆ ಒಂದು ತಮಾಷೆ ಗೊತ್ತಾಯ್ತು. ತೋಳಮನುಷ್ಯ ಮತ್ತು ವ್ಯಾಂಪೈರ್‌ಗಳ ಹುಟ್ಟು ವೈರ ಅಷ್ಟೇನೂ ಹಳೆಯದಲ್ಲ. ಸರ್ಬಿಯಾದಲ್ಲಿ ತೋಳಮನುಷ್ಯನ ಹೆಸರು 'ವುಕೊಡ್ಲಾಕ್' ವ್ಯಾಂಪೈರಿಗೂ ಸಲ್ಲುತ್ತಿತ್ತು. 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ವ್ಯಾಂಪೈರ್ ಆದ ಕೌಂಟ್ ಡ್ರಾಕುಲಾ ತಾನೇ ತೋಳವಾಗುತ್ತಾನೆ! ವಾಪಸ್ ಬಂದ ಕ್ರೆಡಿಟ್‌ನಲ್ಲಿ ಈಗ ಅದನ್ನೇ ಕೇಳುತ್ತಿದ್ದೇನೆ.