ಜಮಖಂಡಿ ಹತ್ತಿರ ಕಂಡ ಹಳದಿ ಚುಕ್ಕೆಯ ಉಡ: ಆಪ್ ಹೇಳೋ ಜಾತಿ ನಂಬಬಹುದಾ?

ಕಬ್ಬಿನ_ಗದ್ದೆ:
ಎಲ್ಲರಿಗೂ ನಮಸ್ಕಾರ. ಜಮಖಂಡಿ ತಾಲೂಕು, ಕೃಷ್ಣಾ ದಂಡೆ. ಕಬ್ಬಿನ ಹೊಲದ ಬದುವಿನ ಮೇಲೆ ಒಂದು ಸಣ್ಣ ಉಡ ಕಂಡಿತು. ಮೈ ಕಪ್ಪು, ಬೆನ್ನಿನ ಮೇಲೆ ಅಡ್ಡಡ್ಡ ಹಳದಿ ಚುಕ್ಕೆಗಳ ಸಾಲು. ಬಾಲ ಸೇರಿಸಿದರೂ ಒಂದು ಮೊಳ ಇರಬಹುದು. ನಾನು ಹತ್ತಿರ ಹೋದ ಕೂಡಲೇ ಕಾಲುವೆಗೆ ಬಿದ್ದು ಈಜಿಕೊಂಡು ಹೋಯಿತು. ಫೋಟೋ ನೋಡಿ ಪ್ರಾಣಿಯ ಜಾತಿ ಹೇಳೋ ಆಪಿಗೆ ಹಾಕಿದರೆ ಅದು ಮೊದಲು ವಾಟರ್ ಮಾನಿಟರ್ (ಉಡಕ್ಕೆ ಇಂಗ್ಲಿಷಿನಲ್ಲಿ ಮಾನಿಟರ್) ಅಂತು, ಇನ್ನೊಂದು ಫೋಟೋಗೆ ಯೆಲ್ಲೋ ಮಾನಿಟರ್ ಅಂತು. ನಮ್ಮ ಕಾಕಾ ನೋಡಿದರೆ ಇದು ವಿಷದ್ದು, ಕಂಡಲ್ಲೇ ಹೊಡೀಬೇಕು ಅಂತಾರೆ. ಯಾವುದು ಖರೆ? ಮೂರು ಫೋಟೋ ಹಾಕಿದ್ದೇನೆ, ಮೂರನೆಯದು ಸ್ವಲ್ಪ ಅಲುಗಾಡಿದೆ.

ಬಾದಾಮಿ_ಬಂಡೆ:
ಸಾದಾ ಉಡ ರೀ. ಬೆಂಗಾಲ್ ಮಾನಿಟರ್, ಮರಿ. ಕಾಕಾ ಅವರಿಗೆ ಕೋಲು ಕೆಳಗಿಡಲಿಕ್ಕೆ ಹೇಳಿ.

ಕಬ್ಬಿನ_ಗದ್ದೆ:
ಥ್ಯಾಂಕ್ಸ್ ಸರ್. ಆದರೆ ನಾನು ನೋಡಿದ ದೊಡ್ಡ ಉಡ ಎಲ್ಲಾ ಮಣ್ಣಿನ ಬಣ್ಣದವು. ಇದು ಇಷ್ಟು ಹಳದಿ ಯಾಕೆ? ನೀರಿಗೂ ಇಳಿಯಿತಲ್ಲ?

ಘಟಪ್ರಭಾ_ದಂಡೆ:
ಸ್ವಲ್ಪ ಉದ್ದ ಬರೀತೀನಿ, ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಮೊದಲು ಬಣ್ಣ ಮರೆತುಬಿಡಿ. ಉಡದಲ್ಲಿ ಬಣ್ಣದಷ್ಟು ಮೋಸ ಮಾಡೋದು ಇನ್ನೊಂದಿಲ್ಲ. ಬೆಂಗಾಲ್ ಮಾನಿಟರ್ ಮರಿ ಕಪ್ಪಗೆ, ಹಳದಿ ಚುಕ್ಕೆ ಇಟ್ಟುಕೊಂಡೇ ಹುಟ್ಟುತ್ತದೆ. ಗಂಟಲ ಕೆಳಗೂ ಕಪ್ಪು ಅಡ್ಡಗೆರೆ ಇರುತ್ತವೆ. ಬೆಳೀತಾ ಬೆಳೀತಾ ಚುಕ್ಕೆ ಮಾಸಿ ನೀವು ಹೇಳೋ ಮಣ್ಣಿನ ಬಣ್ಣ ಬರುತ್ತದೆ. ವಾಟರ್ ಮಾನಿಟರ್ ಮರಿಯೂ ಕಪ್ಪು ಮೈ, ಹಳದಿ ಚುಕ್ಕೆ. ಆಪ್ ಎಡವೋದು ಇಲ್ಲೇ.

ನೋಡಬೇಕಾದ್ದು ಮೂಗಿನ ಹೊಳ್ಳೆ. ಎಲ್ಲಿದೆ, ಹೆಂಗಿದೆ, ಎರಡೂ ನೋಡಿ. ಬೆಂಗಾಲ್ ಮಾನಿಟರ್‌ನಲ್ಲಿ ಅದು ಬ್ಲೇಡಿನಿಂದ ಓರೆಯಾಗಿ ಗೀರಿದ ಹಾಗೆ ಇರುತ್ತದೆ. ಕಣ್ಣಿಗೂ ಮೂತಿಯ ತುದಿಗೂ ಹೆಚ್ಚುಕಡಿಮೆ ನಡುವೆ, ಸ್ವಲ್ಪ ಕಣ್ಣಿನ ಕಡೆಗೇ ಸರಿದಿರುತ್ತದೆ. ವಾಟರ್ ಮಾನಿಟರ್‌ನಲ್ಲಿ ಹೊಳ್ಳೆ ದುಂಡಗೆ, ಮೂತಿಯ ತುದಿಯ ಹತ್ತಿರವೇ. ಯೆಲ್ಲೋ ಮಾನಿಟರ್‌ನಲ್ಲಿ ಮತ್ತೆ ಓರೆ ಸೀಳೇ, ಆದರೆ ಅದು ಕಣ್ಣಿಗಿಂತ ಮೂತಿಗೆ ಹತ್ತಿರ. ಅದರ ಮೂತಿಯೂ ಗಿಡ್ಡ, ಕಾಲ್ಬೆರಳೂ ಗಿಡ್ಡ, ಪೂರ್ತಿ ಬೆಳೆದರೂ ಒಂದು ಮೀಟರಿನ ಒಳಗೇ.

ಹೊಳ್ಳೆ ಸರಿಯಾಗಿ ಕಾಣದಿದ್ದರೆ ಕಣ್ಣಿನ ಮೇಲ್ಗಡೆ ತಲೆಯ ಮೇಲಿರೋ ಹುರುಪೆ ನೋಡಿ. ಅಲ್ಲಿ ಅಗಲವಾದ ಹುರುಪೆಗಳ ಒಂದು ಸಾಲು ಎದ್ದು ಕಂಡರೆ ವಾಟರ್ ಮಾನಿಟರ್ ಕಡೆ ಯೋಚನೆ ಮಾಡಬೇಕು. ಬೆಂಗಾಲ್‌ನಲ್ಲಿ ಎಲ್ಲಾ ಸಣ್ಣವು, ಒಂದೇ ಥರ. ಇದಕ್ಕೆ ಮಾತ್ರ ಒಳ್ಳೆ ಜೂಮ್ ಇರೋ ಕ್ಯಾಮೆರಾ ಬೇಕು, ಮೊಬೈಲಿನಲ್ಲಿ ಕಷ್ಟ.

ನಿಮ್ಮ ಮೊದಲ ಫೋಟೋದಲ್ಲಿ ಅದು ಕ್ಯಾಮೆರಾ ಕಡೆಗೇ ಮುಖ ಮಾಡಿದೆ. ಹಂಗಿದ್ದಾಗ ಅಳತೆ ಕೆಡುತ್ತದೆ, ಹೊಳ್ಳೆ ಮೂತಿ ತುದಿಯಲ್ಲೇ ಇದ್ದಂತೆ ಕಾಣುತ್ತದೆ. ಪಕ್ಕದಿಂದ ತೆಗೆದದ್ದು ಇದ್ದರೆ ತಲೆ ಮಾತ್ರ ಕ್ರಾಪ್ ಮಾಡಿ ಹಾಕಿ.

ಈಜೋದು ಗುರುತೇ ಅಲ್ಲ. ನಮ್ಮ ಉಡ ಚೆನ್ನಾಗಿ ಈಜುತ್ತದೆ, ಮುಳುಗುತ್ತದೆ, ಮರವನ್ನೂ ಹತ್ತುತ್ತದೆ. ಹೆದರಿಸಿದರೆ ಹತ್ತಿರ ಏನಿದೆಯೋ ಅಲ್ಲಿ ನುಗ್ಗುತ್ತದೆ ಅಷ್ಟೇ.

ಇನ್ನು ಜಾಗ. ಭಾರತದಲ್ಲಿ ಉಡ ನಾಲ್ಕು ಜಾತಿ. ವಾಟರ್ ಮಾನಿಟರ್ ಸುಂದರಬನ, ಒಡಿಶಾದ ಭಿತರ್‌ಕನಿಕಾ, ಈಶಾನ್ಯ, ಅಂಡಮಾನ್ ನಿಕೋಬಾರ್ ಕಡೆಯದು. ಯೆಲ್ಲೋ ಮಾನಿಟರ್ ಗಂಗಾ, ಬ್ರಹ್ಮಪುತ್ರಾ ಬಯಲಿನದು. ಡೆಸರ್ಟ್ ಮಾನಿಟರ್ ರಾಜಸ್ಥಾನ, ಗುಜರಾತ್ ಕಡೆ. ನಮ್ಮ ಪಾಲಿಗೆ ಬಂದದ್ದು ಬೆಂಗಾಲ್ ಮಾನಿಟರ್ ಒಂದೇ. ಹೆಸರಲ್ಲಿ ಬಂಗಾಳ ಇದ್ದರೂ ದೇಶದ ತುಂಬಾ ಇದೆ. ಹಂಗಂತ ಜಾಗ ನೋಡಿ ಕಣ್ಣು ಮುಚ್ಚಿ ಹೇಳಬಾರದು, ಹೊಳ್ಳೆ ನೋಡಿಯೇ ಹೇಳಬೇಕು. ಅದು ನನ್ನ ಹಟ.

ಇಂಡಿ_ಲಿಂಬಿ:
ಸರ್, ಒಂದು ಡೌಟು. ನಮ್ಮದು ವಿಜಯಪುರ ಜಿಲ್ಲೆ, ಒಣ ನೆಲ, ಬಿಸಿಲು ಕೇಳಬೇಡಿ. ಇಲ್ಲಿ ಡೆಸರ್ಟ್ ಮಾನಿಟರ್ ಇರಲಿಕ್ಕಿಲ್ವಾ? ನಾನು ಕಂಡದ್ದು ಬೂದು ಬಣ್ಣ ಇತ್ತು.

ಘಟಪ್ರಭಾ_ದಂಡೆ:
ಮತ್ತೆ ಬಣ್ಣಕ್ಕೆ ಬಂದಿರಿ ನೋಡಿ! ಬಾಲ ನೋಡ್ರಿ. ಬೆಂಗಾಲ್ ಮಾನಿಟರ್ ಬಾಲ ಎರಡೂ ಪಕ್ಕದಿಂದ ಒತ್ತಿ ಚಪ್ಪಟೆ ಮಾಡಿದಂತೆ, ಮೇಲ್ಗಡೆ ಏಣು ಎದ್ದಿರುತ್ತದೆ. ಡೆಸರ್ಟ್ ಮಾನಿಟರ್ ಬಾಲ ಹೆಚ್ಚು ದುಂಡು. ಹೊಳ್ಳೆಯೂ ಕಣ್ಣಿಗೆ ತೀರಾ ಹತ್ತಿರ. ಒಣ ನೆಲ ಇದ್ದ ಮಾತ್ರಕ್ಕೆ ಮರುಭೂಮಿ ಆಗಲ್ಲ. ಬೆಂಗಾಲ್ ಮಾನಿಟರ್ ಕುರುಚಲು ಕಾಡು, ಹೊಲ, ಊರ ಅಂಚು ಎಲ್ಲಾ ಕಡೆ ಬದುಕುತ್ತದೆ.

ಖಾನಾಪುರ_ಮಳೆ:
ನಮ್ಮ ಕಾಡಿನಲ್ಲಿ ನೋಡಿದ್ದು ಹೆಚ್ಚುಕಡಿಮೆ ಕಪ್ಪೇ ಇತ್ತು. ಅದೂ ಇದೇನಾ?

ಘಟಪ್ರಭಾ_ದಂಡೆ:
ಇದೇ. ಮೈ ಒದ್ದೆ ಇದ್ದರೆ, ಕೆಸರು ಮೆತ್ತಿದ್ದರೆ ಬಣ್ಣ ಇನ್ನೂ ಬದಲು ಕಾಣುತ್ತದೆ. ಪೊರೆ ಬಿಡೋ ಸಮಯದಲ್ಲೂ ಅಷ್ಟೇ.

ಕಬ್ಬಿನ_ಗದ್ದೆ:
ತಲೆ ಕ್ರಾಪ್ ಮಾಡಿ ಹಾಕಿದೆ, ಎರಡನೇ ಫೋಟೋದ್ದು. ಓರೆ ಸೀಳು ಕಾಣ್ತಿದೆ. ಬೆರಳಿಟ್ಟು ಅಳೆದರೆ ಕಣ್ಣಿಗೆ ಸ್ವಲ್ಪ ಹತ್ತಿರ ಬರ್ತದೆ. ಗಂಟಲಲ್ಲಿ ಕಪ್ಪು ಗೆರೆಯೂ ಇದೆ.

ಘಟಪ್ರಭಾ_ದಂಡೆ:
ಮುಗೀತು. ವರಾನಸ್ ಬೆಂಗಾಲೆನ್ಸಿಸ್, ಅಂದರೆ ಬೆಂಗಾಲ್ ಮಾನಿಟರ್, ಮರಿ. ಆಪಿನಲ್ಲಿ ನೀವೇ ತಿದ್ದಿ ಹಾಕಿ.

ಬಾದಾಮಿ_ಬಂಡೆ:
ನಾನು ಒಂದೇ ಸಾಲಿನಲ್ಲಿ ಹೇಳಿದ್ದೆ 😄

ಕಬ್ಬಿನ_ಗದ್ದೆ:
ಹೌದ್ರಿ ಸರ್ 🙏 ಆದರೆ ಕಾಕಾಗೆ ಕಾರಣ ಹೇಳಬೇಕಲ್ಲ. ವಿಷದ ಮಾತು ಏನು?

ಘಟಪ್ರಭಾ_ದಂಡೆ:
ಮರಿ ಉಡವನ್ನು ಬೇರೆ ಪ್ರಾಣಿ ಅಂದುಕೊಂಡು ಹೆದರೋದು ಉತ್ತರ ಭಾರತದಲ್ಲೂ ಇದೆ, ಅಲ್ಲಿ ಬಿಸ್ಕೋಬ್ರಾ ಅಂತಾರೆ. ಸೀಳು ನಾಲಗೆ ಹೊರಗೆ ಹಾಕುತ್ತದೆ, ಬುಸ್ ಅನ್ನುತ್ತದೆ, ಮೈಮೇಲೆ ಚುಕ್ಕೆ, ಜನಕ್ಕೆ ಅಷ್ಟು ಸಾಕು. ಮನುಷ್ಯನ ಪ್ರಾಣ ತೆಗೆಯೋ ವಿಷ ಅದರಲ್ಲಿಲ್ಲ. ಹಿಡಿಯಲಿಕ್ಕೆ ಹೋದರೆ ಕಚ್ಚುತ್ತದೆ, ಪರಚುತ್ತದೆ, ದೊಡ್ಡದಾದರೆ ಬಾಲದಿಂದ ಬಾರಿಸುತ್ತದೆ. ಕಚ್ಚಿದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಕೇಳಿ. ಕಾಕಾ ಅವರಿಗೆ ಇದನ್ನೂ ಹೇಳಿ: ಹೊಲದಲ್ಲಿ ಇಲಿ, ಹುಳ, ಏಡಿ ತಿಂದುಕೊಂಡು ಇರುತ್ತದೆ. ಕೋಳಿ ಮೊಟ್ಟೆ ಸಿಕ್ಕರೆ ಬಿಡಲ್ಲ, ಅದೊಂದು ನಿಜ. ಕೋಳಿ ಗೂಡಿಗೆ ಜಾಳಿಗೆ ಹಾಕಿದರೆ ಆಯಿತು.

ಮುಧೋಳ_ನಾಯಿ:
ನಮ್ಮೂರ ರಾಜಮನೆತನ ಘೋರ್ಪಡೆ. ಘೋರ್ಪಡ್ ಅಂದರೆ ಮರಾಠಿಯಲ್ಲಿ ಉಡ, ಅದರ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಕತೆ ಎಲ್ಲರೂ ಹೇಳ್ತಾರೆ. ಅಷ್ಟು ಹಿಡಿತ ಇರ್ತದಾ?

ಘಟಪ್ರಭಾ_ದಂಡೆ:
ಉಗುರು ಗಟ್ಟಿ, ಬಿರುಕಿನಲ್ಲಿ ಸೇರಿದರೆ ಎಳೆದು ತೆಗೆಯೋದು ಕಷ್ಟ. ಆಳನ್ನು ಹೊರುತ್ತದಾ ಅನ್ನೋದು ಕತೆಗೆ ಬಿಟ್ಟದ್ದು. ನೀವು ಮಾತ್ರ ಹಗ್ಗ ತರಬೇಡಿ ಮಾರಾಯರೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ನಾಲ್ಕೂ ಜಾತಿ ಅತಿ ಹೆಚ್ಚು ರಕ್ಷಣೆ ಕೊಡೋ ಪಟ್ಟಿ ಶೆಡ್ಯೂಲ್ 1ರಲ್ಲಿವೆ. ಹಿಡಿದರೂ, ಕೊಂದರೂ, ಮನೆಯಲ್ಲಿ ಇಟ್ಟುಕೊಂಡರೂ ಕೇಸು. ಹತ್ಥಾ ಜೋಡಿ ಅಂತ ಬೇರಿನ ಹೆಸರಲ್ಲಿ ಮಾರ್ತಾರಲ್ಲ, ಅದು ಎಷ್ಟೋ ಸಲ ಗಂಡು ಉಡದ ಒಣಗಿಸಿದ ಜನನಾಂಗ. ಪೂಜೆಗೆ ಅಂತ ತಂದಿಟ್ಟವರ ಮೇಲೂ ಕೇಸು ಬೀಳುತ್ತದೆ.

ಇಂಡಿ_ಲಿಂಬಿ:
ಬಾವಿಗೆ ಬಿದ್ದಿದ್ದರೆ ಏನು ಮಾಡೋದು? ನಮ್ಮ ಕಡೆ ಹಂಗೂ ಆಗ್ತದೆ.

ಘಟಪ್ರಭಾ_ದಂಡೆ:
ನೀವು ಇಳಿಯಬೇಡಿ. ಒರಟು ತೊಗಟೆ ಇರೋ ಉದ್ದನೆ ಕೊಂಬೆ ಓರೆಯಾಗಿ ಇಳಿಬಿಟ್ಟು ದೂರ ಸರಿಯಿರಿ, ತಾನೇ ಹತ್ತಿ ಹೋಗುತ್ತದೆ. ಆಗದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಮತ್ತೆ ಗದ್ದೆ ಅವರೇ, ಆಪಿನಲ್ಲಿ ಜಾಗದ ಗುರುತು ಎಲ್ಲರಿಗೂ ಕಾಣೋ ಹಾಗೆ ಬಿಡಬೇಡಿ. ತಾಲೂಕಿನ ಹೆಸರು ಸಾಕು. ಬೇಟೆಯವರೂ ಅದೇ ಮ್ಯಾಪ್ ನೋಡ್ತಾರೆ.

ಕಬ್ಬಿನ_ಗದ್ದೆ:
ಮಾಡಿದೆ ಸರ್. ಜಾತಿ ಹೆಸರೂ ತಿದ್ದಿದೆ. ಕಾಕಾ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಜಾಳಿಗೆ ಎಷ್ಟಾಗ್ತದೆ ಅಂತ ಕೇಳಿದರು.