ಸಹಾಯ ಬೇಕು: ಹಳೇ ಕಾರಿನ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಎಲ್ಲಿಗೆ ಹೋಗ್ತಿದೆ?

ಎಲ್ಲರಿಗೂ ನಮಸ್ಕಾರ. ನನ್ನದು 2006ರ ಪೆಟ್ರೋಲ್ ಕಾರು, ಅಪ್ಪ ಕೊಂಡಿದ್ದು. ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಕಳೆದ ವಾರ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟ ಮೇಲೆ ಸ್ವಲ್ಪ ಇಳಿಯಿತು. ಒಳಗೆ ಕೂತವರು ಬೆಂದು ಹೋದರು, ಅದು ಬೇರೆ ಮಾತು!

ಹತ್ತು ದಿನಕ್ಕೆ ಸುಮಾರು ಅರ್ಧ ಲೀಟರ್ ಕೂಲೆಂಟ್ ಕಡಿಮೆಯಾಗುತ್ತಿದೆ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ ನೋಡಿದೆ, ಒಂದು ಹನಿಯೂ ಇಲ್ಲ. ಕಾರಿನೊಳಗಿನ ಮ್ಯಾಟ್ ಒಣಗಿದೆ, ಅಂದರೆ ಹೀಟರ್ ಕಡೆ ಸೋರಿಕೆ ಇಲ್ಲ ಅನ್ಸುತ್ತೆ. ಫ್ಯಾನ್ ತಿರುಗುತ್ತೆ. ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಎರಡೂ ಹೊಸದು.

ನನ್ನ ತಲೆ ಕೊರೆಯುತ್ತಿರುವುದು ಇದು: ಬೆಳಗ್ಗೆ ಸ್ಟಾರ್ಟ್ ಮಾಡಿ ಎರಡೇ ನಿಮಿಷಕ್ಕೆ, ಇಂಜಿನ್ ಬಿಸಿಯಾಗುವ ಮೊದಲೇ, ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ಬರುತ್ತಲೇ ಇರುತ್ತೆ, ನಿಲ್ಲೋದೇ ಇಲ್ಲ. ಆದರೆ ಕೂಲೆಂಟ್ ಸೇರಿ ಆಯಿಲ್ ಹಾಲಿನ ಹಾಗೆ ಆಗಿಲ್ಲ, ಡಿಪ್‌ಸ್ಟಿಕ್ ಸರಿಯಾಗಿದೆ.

ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಬದಲಿಸಿ ಅಂತಾರೆ. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ ಅಂತಾರೆ. ನನಗೂ ಎರಡನೆಯದೇ ಅನುಮಾನ. ಆಯಿಲ್ ಚೆನ್ನಾಗಿದ್ದರೂ ಗ್ಯಾಸ್ಕೆಟ್ ಹೋಗಿರಬಹುದು ಅಲ್ವಾ? ಸುಮ್ನೆ ಹೆಡ್ ಬಿಚ್ಚಿಸುವ ಮೊದಲು ಪ್ರೆಶರ್ ಟೆಸ್ಟ್, ಅಥವಾ ಕೂಲೆಂಟಿನಲ್ಲಿ ಹೊಗೆ ಸೇರಿದೆಯಾ ಎಂದು ಬಣ್ಣ ಬದಲಾಗುವ ದ್ರವದಿಂದ ನೋಡುವ ಟೆಸ್ಟ್ ಮಾಡಿಸಬೇಕು. ಹಾಸನದ ಸುತ್ತಮುತ್ತ ಯಾರು ಮಾಡ್ತಾರೆ? ಹೆಡ್ ಫೇಸಿಂಗ್ (ಹೆಡ್ಡಿನ ತಳ ಸಮತಟ್ಟು ಮಾಡುವ ಕೆಲಸ) ಮಾಡಿಸಿದವರು ಇದ್ದರೆ ಖರ್ಚು ಎಷ್ಟಾಯ್ತು, ಅದನ್ನೂ ಹೇಳಿ.